ಮೂಗಣ್ಣನ ಮೀಟರ್

ಆಂಪ್ಲಿಫೈಯರ್ ರಿಪೇರಿಯವನಿಗೆ ಮೂಗಣ್ಣ ಅಂತ ಹೆಸರು ಬಿದ್ದದ್ದು ಮೂಗು ಉದ್ದವಿತ್ತು ಅಂತಲ್ಲ. ಯಾರಾದರೂ ಗಿಟಾರಿನ ಆಂಪ್ಲಿಫೈಯರ್ ಹೊತ್ತು ತಂದರೆ ಸಾಕು, ಸ್ಕ್ರೂ ಬಿಚ್ಚುವ ಮೊದಲೇ ಹಿಂದಿನ ಜಾಲರಿಗೆ ಮೂಗು ಹಚ್ಚಿ ಮೂಸಿ, "ಟ್ರಾನ್ಸ್‌ಫಾರ್ಮರ್ ಹೋಗಿದೆ" ಎಂದೋ, "ಬರೀ ಒಂದು ರೆಸಿಸ್ಟರ್ ಸುಟ್ಟಿದೆ, ಹೆದರಬೇಡಿ" ಎಂದೋ ತೀರ್ಪು ಕೊಟ್ಟುಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಅದು ನಿಜವೂ ಆಗುತ್ತಿತ್ತು. ಎಡವಟ್ಟಾದದ್ದೇ ಅಲ್ಲಿ ನೋಡಿ. ತಾನು ತಪ್ಪಬಹುದು ಅನ್ನುವುದೇ ಅವನಿಗೆ ಮರೆತುಹೋಗಿತ್ತು.

ಆ ಬೆಳಿಗ್ಗೆ ಗಿಟಾರ್ ಕಲಿಸುವ ಟೀಚರಮ್ಮ ತಂದಿಟ್ಟದ್ದು ಮೂರು ವಾರದ ಹಿಂದೆ ಅವನೇ ಬಲ್ಬಿನಂಥ ಗಾಜಿನ ಎರಡು ಹೊಸ ವಾಲ್ವ್ ಹಾಕಿ ಕಳಿಸಿದ್ದ ಆಂಪ್ಲಿಫೈಯರ್. ಆನ್ ಮಾಡಿ ಐದು ನಿಮಿಷ ಕಾದ. ವಾಲ್ವ್ ಒಳಗೆ ತಂತಿ ಮಿನುಗುವುದು ಸಹಜ. ಆದರೆ ಎರಡರಲ್ಲೂ ತಂತಿಯ ಸುತ್ತಲಿನ ತಗಡೇ ಕುಲುಮೆಯ ಕಬ್ಬಿಣದ ಹಾಗೆ ಕೆಂಪೇರತೊಡಗಿತು. ಹಾಗಾದರೆ ಆ ವಾಲ್ವ್ ಕತೆ ಮುಗಿದ ಹಾಗೆ. ಪಟ್ಟನೆ ಸ್ವಿಚ್ ಆರಿಸಿದ.

"ಇವೂ ಕಳಪೆ ಮಾಲೇನಾ?" ಟೀಚರಮ್ಮ ಕೇಳಿದಳು.

"ಬಿಟ್ಟು ಹೋಗಿ, ಸಂಜೆ ಹೇಳ್ತೀನಿ" ಅಂದ ಮೂಗಣ್ಣ. ಆ 'ಇವೂ' ಮಾತ್ರ ಅವನ ಕಿವಿಯಲ್ಲೇ ಕೂತುಬಿಟ್ಟಿತು.

ಯಾಕೆಂದರೆ ಮೊದಲು ವಾಲ್ವ್ ಮಾರುತ್ತಿದ್ದದ್ದು ಅವನ ಭಾವ, ಅಕ್ಕನ ಗಂಡ. ಸಂಗೀತದ ಸಾಮಾನಿನ ಬೀದಿಯಲ್ಲಿ ಗೂಡಿನಂಥ ಅಂಗಡಿ, ಗೋಡೆ ತುಂಬ ಸಣ್ಣ ಸಣ್ಣ ಡಬ್ಬಿ. ಆರು ತಿಂಗಳ ಹಿಂದೆ ಒಂದಾದ ಮೇಲೊಂದು ಮೂರು ಆಂಪ್ಲಿಫೈಯರ್‌ಗಳಲ್ಲಿ ಭಾವನ ವಾಲ್ವ್ ಹೀಗೇ ಕೆಂಪಾಗಿ ಸುಟ್ಟುಹೋದವು. ಮೂಗಣ್ಣ ನೆಟ್ಟಗೆ ಅಂಗಡಿಗೆ ನುಗ್ಗಿ, ಗಿರಾಕಿಗಳು ತುಂಬಿರುವಾಗಲೇ ಕೂಗಿದ: "ಇವರ ವಾಲ್ವ್ ಹಾಕಿಸೋ ಬದಲು ಮೇಣದಬತ್ತಿ ಹಚ್ಚಿಟ್ಕೊಳ್ಳಿ, ಬೆಳಕಾದ್ರೂ ಬರುತ್ತೆ!" ಎಲ್ಲರೂ ಗೊಳ್ಳೆಂದು ನಕ್ಕರು. ಮಾತು ಬೀದಿಯಿಡೀ ಹಬ್ಬಿತು. ಭಾವನನ್ನು ಕಂಡರೆ "ಮೇಣದಬತ್ತಿ ಇದೆಯಾ?" ಅಂತ ಕೇಳುವ ಮಟ್ಟಕ್ಕೆ ಬಂತು. ಮೂರೇ ತಿಂಗಳಿಗೆ ಅಂಗಡಿ ಬಾಗಿಲು ಹಾಕಿತು. ಈಗ ಭಾವ ಯಾವುದೋ ಗೋದಾಮಿನ ಗೇಟಿನಲ್ಲಿ ಲಾರಿ ನಂಬರ್ ಬರೆದುಕೊಳ್ಳುತ್ತ ನಿಲ್ಲುತ್ತಾನೆ. ಅಕ್ಕ ತಮ್ಮನ ಮನೆ ಕಡೆ ತಲೆ ಹಾಕಿಲ್ಲ.

ಈ ಸಲದ ವಾಲ್ವ್ ಭಾವನದ್ದಲ್ಲ. ದೊಡ್ಡ ಅಂಗಡಿಯದು, ಹೆಸರಾಂತ ಮಾಲು. ಅವೂ ಯಾಕೆ ಕೆಂಪಾಗಬೇಕು? ಮೂಗಣ್ಣ ಎಡಗಡೆಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿದ. ಆಗಲೂ ಎರಡೂ ಕೆಂಪಾದವು. ಕೆಪಾಸಿಟರ್ ಸೋರುತ್ತಿರಬಹುದೆಂದು ಬಿಚ್ಚಿ ನೋಡಿದ, ಸೋರಿರಲಿಲ್ಲ. ಸಾಕೆಟ್ ಉಜ್ಜಿದ, ಬೆಸುಗೆ ಹೊಸದಾಗಿ ಹಾಕಿದ. ಉಳಿದದ್ದು ಬಯಾಸ್ ಒಂದೇ. ವಾಲ್ವ್ ಮಿತಿಮೀರಿ ಕರೆಂಟ್ ಎಳೆಯದಂತೆ ಹಿಡಿದಿಡುವ ಮೈನಸ್ ವೋಲ್ಟೇಜ್ ಅದು. ಅದು ಕಮ್ಮಿಯಾದರೆ ವಾಲ್ವ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಮೀಟರ್ ಹಚ್ಚಿದ. ನಲವತ್ತೈದು. ಇರಬೇಕಾದದ್ದೂ ಅಷ್ಟೇ.

ಬೇಸತ್ತು ಪಕ್ಕದ ಮೋಟಾರ್ ವೈಂಡಿಂಗ್ ಅಂಗಡಿಯ ಮೀಟರ್ ಕೇಳಿ ತಂದ. ಅದು ಮೂವತ್ತಾರು ತೋರಿಸಿತು. "ಇವನ ಮೀಟರ್‌ಗೆ ಬೆಂಕಿ ಬೀಳ" ಅಂದುಕೊಂಡು ತನ್ನದನ್ನು ಮತ್ತೆ ಹಚ್ಚಿದ. ನಲವತ್ತೈದು. ಎರಡನ್ನೂ ಗೋಡೆಯ ಪ್ಲಗ್ಗಿಗೆ ಹಾಕಿದ. ಪಕ್ಕದವನದು ಸರಿಯಾಗಿತ್ತು, ಇವನದು ಎಷ್ಟೋ ಮೇಲೆ ಓಡಿತ್ತು. ಮೊದಲೂ ಅದು ಹೀಗೆ ಜಾಸ್ತಿ ತೋರಿಸಿದ್ದುಂಟು. ಆಗೆಲ್ಲ "ಈಗಿನ ಕರೆಂಟಿಗೆ ಹೇಳೋರಿಲ್ಲ ಕೇಳೋರಿಲ್ಲ" ಅಂತ ಕರೆಂಟಿನವರಿಗೇ ಬೈದು ಸುಮ್ಮನಾಗಿದ್ದ ಪುಣ್ಯಾತ್ಮ.

ಮೀಟರಿನ ಗಾಜಿನ ಮೂಲೆಗೆ ಕಪ್ಪು ಟೇಪ್ ಅಂಟಿಸಿತ್ತು. ಒಮ್ಮೆ ಕೆಳಗೆ ಬಿದ್ದು ಬಿರುಕು ಬಿಟ್ಟಾಗ, ಬೆರಳು ಕುಯ್ಯಬಾರದು ಅಂತ ಅವನೇ ಅಂಟಿಸಿದ್ದು. ಉಗುರಿನಿಂದ ಅದನ್ನು ಕಿತ್ತ. ಅಡಿಯಲ್ಲಿ ಬ್ಯಾಟರಿ ಮುಗಿಯಿತು ಅನ್ನುವ ಪುಟಾಣಿ ಗುರುತು ಮಿಣಮಿಣ ಅನ್ನುತ್ತಿತ್ತು. ಎಷ್ಟು ತಿಂಗಳಿಂದಲೋ! ಹೊಸ ಬ್ಯಾಟರಿ ಹಾಕಿ ಬಯಾಸ್ ಅಳೆದ. ಮೂವತ್ತಾರು. ಅಯ್ಯೋ ದೇವರೇ, ಆ ಮೂರು ಆಂಪ್ಲಿಫೈಯರ್‌ಗಳಿಗೂ ಇದೇ ಮೀಟರ್ ನಂಬಿ ಬಯಾಸ್ ಇಟ್ಟವನು ಅವನೇ. ಭಾವನ ವಾಲ್ವ್‌ಗಳನ್ನು ಸುಟ್ಟವನು ಅವನೇ.

ಬಯಾಸ್ ಸರಿಮಾಡಿ, ಇನ್ನೊಂದು ಜೋಡಿ ವಾಲ್ವ್ ಹಾಕಿ ಒಂದು ಗಂಟೆ ಉರಿಸಿದ. ತಗಡು ಕಪ್ಪಾಗೇ ಇತ್ತು. ಸಂಜೆ ಟೀಚರಮ್ಮ ಬಂದು, "ನಾನು ಹೇಳಿದ್ದೇ ತಾನೇ? ಮಾಲೇ ಸರಿ ಇರಲಿಲ್ಲ ಅಲ್ವಾ?" ಅಂದಾಗ, ನಾಚಿಕೆಗೆಟ್ಟವನ ಬಾಯಿಂದ "ಹೂಂ" ಅಂತ ಬಂದುಬಿಟ್ಟಿತು.

ಊಟಕ್ಕೆ ಕೂತವನು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಕೇಳಿದ್ದಕ್ಕೆ ಎಲ್ಲ ಹೇಳಿಬಿಟ್ಟ.

"ನನ್ನ ಹತ್ರ ಹೇಳಿ ಏನ್ರೀ ಪ್ರಯೋಜನ?" ಅಂದಳು ಅವಳು. "ಅವತ್ತು ನಾಲ್ಕು ಜನರ ಮುಂದೆ ಕೂಗೋಕೆ ಬಾಯಿತ್ತಲ್ಲ ನಿಮಗೆ. ಈಗೆಲ್ಲಿ ಹೋಯ್ತು?"

ಮರುದಿನ ಬೆಳಿಗ್ಗೆ ಟೀಚರಮ್ಮನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ನಿಜ ಹೇಳಿದ. ಅಲ್ಲಿಂದ ಕಾಲೆಳೆಯುತ್ತ ಅಕ್ಕನ ಮನೆಗೆ ಹೋದ. ಅಕ್ಕ ಬಾಗಿಲು ತೆಗೆದವಳು ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಭಾವ ಕೆಲಸಕ್ಕೆ ಹೊರಡಲು ಬೂಟಿನ ಲೇಸ್ ಕಟ್ಟುತ್ತಿದ್ದ.

"ಭಾವ, ನಿಮ್ಮ ಮಾಲಲ್ಲಿ ಏನೂ ತಪ್ಪಿರಲಿಲ್ಲ" ಅಂದ ಮೂಗಣ್ಣ. ನಿಂತೇ ಎಲ್ಲ ಹೇಳಿದ: ಮೀಟರ್, ಟೇಪ್, ಬ್ಯಾಟರಿ. "ನಾನೇ ಸುಟ್ಟೆ. ನಿಮ್ಮನ್ನ ನಗೆಪಾಟಲು ಮಾಡಿದೆ. ಬೀದೀಲಿ ಪ್ರತಿ ಅಂಗಡಿಗೂ ಹೋಗಿ ಹೇಳ್ತೀನಿ. ನನ್ನನ್ನ ಬೈರಿ ಭಾವ, ನಾಲ್ಕು ಬಾರಿಸಿ."

ಭಾವ ಲೇಸ್ ಕಟ್ಟುವುದನ್ನು ಬಿಟ್ಟು ತಲೆ ಎತ್ತಿದ. "ಒಂದೂ ಕೆಟ್ಟಿರಲಿಲ್ವಾ?" ಅಂದ.

"ಒಂದೂ ಇಲ್ಲ."

"ನೀನು ಕೂಗಿ ಹೋದ ದಿನ ಇವರು ಅಂಗಡೀಲಿ ಉಳಿದಿದ್ದನ್ನೆಲ್ಲ ಒಂದೊಂದಾಗಿ ಟೆಸ್ಟ್ ಮಾಡಿದ್ರು ಕಣೋ" ಅಂದಳು ಅಕ್ಕ. "ಎಲ್ಲ ಸರಿಯಾಗಿದೆ ಅಂತಾನೇ ಬಂತು."

"ಮತ್ತೆ ಯಾಕೆ ಹೇಳಲಿಲ್ಲ ಭಾವ? ಆಗಲೇ ಬಂದು ನನ್ನ ಕೆನ್ನೆಗೆ ಹೊಡೀಬಾರದಿತ್ತಾ?"

"ನಿನ್ನ ಕೈ ತಪ್ಪೋ ಕೈಯಲ್ಲ ಅಂತ ನಂಬಿದ್ದೆನಪ್ಪ" ಅಂದ ಭಾವ. ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವವನಂತೆ ಅಂದ. "ನೀನು ಕೆಟ್ಟಿದೆ ಅಂದ ಮೇಲೆ ನನ್ನ ಟೆಸ್ಟರ್‌ದೇ ತಪ್ಪಿರಬೇಕು ಅಂದ್ಕೊಂಡೆ. ಇನ್ಯಾರಿಗೂ ತೊಂದರೆ ಆಗಬಾರದು ಅಂತ ಉಳಿದಿದ್ದನ್ನೆಲ್ಲ ಹಿತ್ತಲಿಗೆ ತಂದು ಸುತ್ತಿಗೇಲಿ ಒಡೆದುಹಾಕಿದೆ."

ಮೂಗಣ್ಣ ಹೊಸ್ತಿಲ ಮೇಲೆ ಕೂತ.

"ಎಲ್ಲಾ ಒಳ್ಳೇವೇ ಇದ್ವಾ?" ಭಾವ ಮತ್ತೊಮ್ಮೆ ಕೇಳಿದ.

"ಎಲ್ಲಾ ಒಳ್ಳೇವೇ ಭಾವ" ಅಂದು ಮೂಗಣ್ಣ ಅತ್ತುಬಿಟ್ಟ.