ರೊವೀನಾಳ ನೂರು ಫಿರಂಗಿಯ ಹಡಗು

ಮೆಲ್ಬರ್ನ್ ಹೊರವಲಯದ ಟ್ರುಗನಿನಾದ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ರೊವೀನಾಳಿಗೆ ಐವತ್ತೆರಡನೇ ವಯಸ್ಸಿನಲ್ಲಿ ಹಡಗು ಕಟ್ಟುವ ಹುಚ್ಚು ಹಿಡಿಯಿತೆಂದು ನೆಂಟರು ನಕ್ಕರು. ಹುಚ್ಚು ಹಳೆಯದೇ. ಮಂಗಳೂರಿನ ಬೆಂಗ್ರೆಯಲ್ಲಿ ಅವಳ ಅಪ್ಪ ಮೀನುಗಾರರ ದೋಣಿ ಕಟ್ಟುತ್ತಿದ್ದರು. ಹಲಗೆ ಬಾಗಿಸುವುದನ್ನು ಅವಳು ನೋಡಿ ನೋಡಿಯೇ ಕಲಿತಳು. ಹೆಣ್ಣುಮಗಳ ಕೈಗೆ ಉಳಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಮೆಲ್ಬರ್ನ್‌ಗೆ ಬಂದು ಇಪ್ಪತ್ತು ವರ್ಷವಾದ ಮೇಲೆ, ಮಾದರಿ ಹಡಗು ಕಟ್ಟುವವರ ಕ್ಲಬ್ಬೊಂದಕ್ಕೆ ಸೇರಿ ತಾನಾಗಿಯೇ ಉಳಿ ಎತ್ತಿಕೊಂಡಳು.

ಆ ವರ್ಷ ಮೆಲ್ಬರ್ನ್ ಮತ್ತು ಸಿಡ್ನಿಯ ಕ್ಲಬ್ಬುಗಳು ಒಂದು ಪಂದ್ಯ ಗೊತ್ತುಮಾಡಿದವು. ಇನ್ನೂರು ವರ್ಷಗಳ ಹಿಂದೆ ಒಂಟಾರಿಯೊ ಸರೋವರದ ಎದುರುಬದುರು ದಡಗಳಲ್ಲಿ ಬ್ರಿಟಿಷರೂ ಅಮೆರಿಕನ್ನರೂ ಹಠಕ್ಕೆ ಬಿದ್ದು, ಒಬ್ಬರಿಗಿಂತ ಒಬ್ಬರು ದೊಡ್ಡ ಯುದ್ಧನೌಕೆ ಕಟ್ಟಿದ್ದರು. ಆ ನೌಕೆಗಳ ಮಾದರಿಗಳನ್ನು ಮೂರು ತಿಂಗಳಲ್ಲಿ ಕಟ್ಟಿ, ಮೆಲ್ಬರ್ನ್‌ನ ಕೆರೆಯೊಂದರಲ್ಲಿ ರಿಮೋಟಿನಿಂದ ಓಡಿಸಬೇಕು. ಮೆಲ್ಬರ್ನ್‌ನವರಿಗೆ ಬ್ರಿಟಿಷರ ಪಾಲು ಬಂತು. ನೂರಕ್ಕೂ ಹೆಚ್ಚು ಫಿರಂಗಿಗಳ ದೊಡ್ಡ ನೌಕೆಯನ್ನು ರೊವೀನಾ ಕೇಳಿ ಪಡೆದಳು.

ಬೆಳಗಿನ ಶಿಫ್ಟ್ ಮುಗಿಸಿ ಬಂದು ದಿನವೂ ಗ್ಯಾರೇಜಿನಲ್ಲಿ ಕೂತಳು. ಎರಡು ತಿಂಗಳು ದಾಟುವ ಹೊತ್ತಿಗೆ ಹಡಗು ಸಿದ್ಧವಾಯಿತು. ಕೆರೆಗಿಳಿಸಿದ ಮೊದಲ ದಿನವೇ ಸಣ್ಣ ಗಾಳಿಗೆ ಮಗುಚಿತು.

ಕ್ಲಬ್ಬಿನ ಕಾರ್ಯದರ್ಶಿ ಗುರುದತ್ತ, ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿರುವ ಬೆಂಗಳೂರಿನವನು, ಪ್ಯಾಂಟು ಮಡಚಿ ನೀರಿಗಿಳಿದು ಅದನ್ನು ಎತ್ತಿ ತಂದ.

"ಬಿಡಿ ಆಂಟಿ, ಇದು ವರ್ಕ್ ಆಗಲ್ಲ. ನನ್ ಹತ್ರ ರೆಡಿಮೇಡ್ ಕಿಟ್ ಒಂದಿದೆ, ಅದನ್ನೇ ಜೋಡಿಸೋಣ."

ರೊವೀನಾ ಹಡಗನ್ನು ಬೋರಲು ಹಾಕಿ ನೀರು ಬಸಿದಳು. "ಯಾಕೆ ಮಗುಚಿತು ಗೊತ್ತುಂಟಾ? ಸಮುದ್ರದ ಹಡಗಾದ್ರೆ ಕುಡಿಯುವ ನೀರಿನ ಪೀಪಾಯಿ ಹೊರಬೇಕು, ಹೊಟ್ಟೆ ಆಳ ಇರ್ತದೆ. ಸರೋವರದಲ್ಲಿ ಸುತ್ತ ಇರೋದೇ ಕುಡಿಯುವ ನೀರಲ್ವಾ? ಹಾಗೆ ಇದಕ್ಕೆ ಆಳ ಕಡಿಮೆ. ನಾನು ಅದರ ಮೇಲೆ ಹಿತ್ತಾಳೆ ಫಿರಂಗಿ ಹೇರಿದ್ದೇನೆ. ತಪ್ಪು ನನ್ನದೇ."

"ತಳದ ಕೆಳಗೆ ಒಂದು ಉದ್ದ ಪಟ್ಟಿ ಜೋಡಿಸಿದ್ರೆ?"

"ಆಕಾರ ಬದಲಿಸಬಾರ್ದು ಅಂತ ರೂಲ್ ಉಂಟಲ್ಲ. ಮೇಲಿನ ಭಾರ ಇಳಿಸ್ತೇನೆ."

"ಮೂರೇ ವಾರ ಇರೋದು!"

"ಮೂರು ವಾರ ಉಂಟಲ್ಲ ಮಾರಾಯ್ರೆ."

ಅಂಟು ಹಾಕಿ ಕೂರಿಸಿದ್ದ ಡೆಕ್ಕಿನ ಅಟ್ಟಗಳನ್ನು ಅವಳೇ ಕಿತ್ತಳು. ಹಿತ್ತಾಳೆಯ ಫಿರಂಗಿಗಳನ್ನೆಲ್ಲ ತೆಗೆದು, ಹಗುರ ಮರದಲ್ಲಿ ಒಂದೊಂದನ್ನೂ ಹೊಸದಾಗಿ ಕೆತ್ತಿದಳು. ಬೆರಳುಗಳಿಗೆಲ್ಲ ಬ್ಯಾಂಡೇಡ್. ಹಡಗಿನ ತಳದೊಳಗೆ ಸೀಸದ ತಗಡು ಹಾಸಿ, ಬಾತ್‌ಟಬ್ಬಿನಲ್ಲಿ ತೇಲಿಸಿ ಕೈಯಿಂದ ವಾಲಿಸಿ ನೋಡಿದಳು. ಮಗುಚಿತು. ತಗಡು ಸರಿಸಿದಳು, ಮತ್ತೆ ಮಗುಚಿತು.

"ಮಮ್, ಐ ನೀಡ್ ಅ ಶವರ್!" ಮಗಳು ನತಾಲಿಯಾ ಬಾಗಿಲು ಬಡಿದಳು.

"ಇನ್ನೊಂದು ಸಲ, ಬಾಯಾ."

ಆ ಸಲ ಹಡಗು ವಾಲಿ, ತಡೆದು, ತಾನಾಗಿ ನೆಟ್ಟಗಾಯಿತು.

ಪಂದ್ಯದ ದಿನ ಗಾಳಿ ಜೋರಾಗಿತ್ತು. ಸಿಡ್ನಿ ತಂಡದ ನಾಯಕ, ಅಲ್ಲಿನ ನಾರ್ವೆಸ್ಟ್ ಬಡಾವಣೆಯ ಅಭಿನಂದನ್, ತನ್ನ ನೌಕೆಯನ್ನು ಮುಂದಕ್ಕೆ ಹಾರಿಸಿದ. ಎರಡನೇ ತಿರುವಿನಲ್ಲಿ ರೊವೀನಾಳ ಹಡಗು ಎಷ್ಟು ವಾಲಿತೆಂದರೆ ಕೆಳಗಿನ ಸಾಲಿನ ಫಿರಂಗಿಗಳು ನೀರು ಮುಟ್ಟಿದವು. ಗುರುದತ್ತ ಕಣ್ಣು ಮುಚ್ಚಿಕೊಂಡ. ಅವಳು ರಿಮೋಟಿನಿಂದ ಹಾಯಿ ಸಡಿಲಿಸಿ ಕಾದಳು. ಹಡಗು ಎದ್ದು ನಿಂತಿತು.

ಸಿಡ್ನಿ ನಾಲ್ಕು ಮಾರು ಅಂತರದಲ್ಲಿ ಗೆದ್ದಿತು. ಅಭಿನಂದನ್ ಬಂದು ಅವಳ ಹಡಗಿನ ಹಲಗೆಗಳ ಮೇಲೆ ಕೈಯಾಡಿಸಿದ. "ಸೂಪರ್ ಫಿನಿಶಿಂಗ್! ಇದನ್ನ ಯಾರು ಮಾಡಿದ್ದು ಆಂಟಿ?"

"ನಾನೇ," ಎಂದಳು ರೊವೀನಾ. "ಬರುವ ವರ್ಷ ಸಿಡ್ನಿಗೆ ತರ್ತೇನೆ. ಹಾಯಿ ಸ್ವಲ್ಪ ದೊಡ್ಡದು ಮಾಡ್ಲಿಕ್ಕುಂಟು."