ಮಾವಿನ ದಿಮ್ಮಿಯ ಕಿವಿಗಳು

ನಾರಾಯಣಪುರದ ಹೊರಗೆ ಬಸ್ಸಿಗೆ ಕಾಯುತ್ತಿದ್ದೇನೆ. ರಸ್ತೆಯ ಪಕ್ಕ ಉರುಳಿಬಿದ್ದ ಮಾವಿನ ಮರವೊಂದಿದೆ. ಅದನ್ನು ಕೊಯ್ಯಲು ಬಂದ ಮಹೆಬೂಬ್ ಚಾಚಾಗೆ ಹೊಲದ ಕೂಲಿ ಮಾಡುವ ಕಲಾವತಿ ಅಡ್ಡ ನಿಂತಿದ್ದಾಳೆ.

"ಇದರ ಮ್ಯಾಲ ಕಿವಿಯಂಥ ಅಣಬಿ ಬೆಳದಾವ ಚಾಚಾ. ಮಳಿ ಬಂದಾಗ ನಾ ನೋಡೀನಿ. ನಾಳಿ ಮಾಸ್ತರ್ರು ಸಾಲಿ ಮಕ್ಕಳನ್ನ ಕರಕೊಂಡು ಬರ್ತಾರ."

"ಎಲ್ಲಿ ಕಿವಿ? ಒಣ ಸಿಪ್ಪಿ ಕಾಣಾಕತ್ತದ," ಎಂದು ಚಾಚಾ ನಕ್ಕರು. ನನಗೂ ಅಷ್ಟೇ ಕಂಡಿತು.

ಆಕೆ ತಾನು ಕುಡಿಯಲು ತಂದಿದ್ದ ನೀರನ್ನೆಲ್ಲ ಆ ದಿಮ್ಮಿಯ ಮೇಲೆ ಸುರಿದಳು. ಹುಮನಾಬಾದಿನ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ನೋಡನೋಡುತ್ತ ಆ ಸಿಪ್ಪೆಗಳು ನೀರು ಹೀರಿ ಉಬ್ಬಿದವು, ಮೆತ್ತಗಾದವು, ಮಡಿಕೆ ಬಿಚ್ಚಿ ಕಂದು ಕಿವಿಗಳಾದವು. ಮುಟ್ಟಿದರೆ ಮಗುವಿನ ಕಿವಿಯ ಹಾಲೆಯಷ್ಟೇ ಮೃದು, ತಣ್ಣಗೆ.

ಚಾಚಾ ಕುಕ್ಕರಗಾಲಲ್ಲಿ ಕೂತು ನೋಡಿದರು. "ಇಷ್ಟು ವರ್ಷ ಕಟ್ಟಿಗಿ ಕೊಯ್ದೀನಿ, ಇದನ್ನ ನೋಡಿಲ್ಲ. ಎಲ್ಲಿತನಕ ಕೊಯ್ಯದ ಬಿಡಬೇಕು, ನೀನ ತೋರಸು ಬೇಟಿ."

ಕಲಾವತಿ ಕೈಯಿಂದ ಮೊಳ ಅಳೆದು, ದಿಮ್ಮಿಯ ಮೇಲೆ ಕಲ್ಲಿನಿಂದ ಗೆರೆ ಎಳೆದಳು. ನಾನು ನೋಟುಪುಸ್ತಕ ತೆಗೆದು ಇದನ್ನೆಲ್ಲ ಬರೆಯುವುದನ್ನು ಕಂಡು ಸೆರಗು ಸರಿಮಾಡಿಕೊಂಡು ಹತ್ತಿರ ಬಂದಳು.

"ಮೊದಲ ನೋಡಿದಾಕಿ ಕಲಾವತಿ ಅಂತ ಬರೀರಿ."