ಕಂಪನಿ ಹಾಳೆಯ ಚೀಟಿ

ಆರೋಗ್ಯ ಇಲಾಖೆಯ ಮಹಮ್ಮದಹನೀಫ ಹತ್ತೊಂಬತ್ತು ವರ್ಷದಿಂದ ಸಿಂದಗಿ ಸೀಮೆಯ ಹಳ್ಳಿಗಳನ್ನು ಬೈಕಿನ ಮೇಲೆ ಸುತ್ತಿದವನು. ಹೆಂಗಸರ ತಪಾಸಣೆಗೆ ಅಂಗಳ ತುಂಬುತ್ತಿತ್ತು. ಗಂಡಸರ ತಪಾಸಣೆ ಎಂದರೆ ಕಟ್ಟೆಯ ಮೇಲಿದ್ದವರಿಗೆಲ್ಲ ಥಟ್ಟನೆ ಹೊಲದ ಕೆಲಸ ನೆನಪಾಗುತ್ತಿತ್ತು.

"ನಮಗೇನಾಗೇತ್ರಿ ಸಾಹೇಬ್ರ? ಗುಂಡಕಲ್ಲಿನಂಗ ಅದೇವಿ," ಎನ್ನುತ್ತ ಗುಟಖಾವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸುತ್ತಿದ್ದರು.

ಅದಕ್ಕೇ, ಪಾನ್‌ಮಸಾಲಾ ಕಂಪನಿಯವರು 'ಗಂಡಸರ ಆರೋಗ್ಯ ಮೇಳ' ನಡೆಸುತ್ತೇವೆ, ತಪಾಸಣೆ ಮಾಡಲು ನೀವು ಬನ್ನಿ ಎಂದಾಗ, ಮನಸ್ಸಿಲ್ಲದಿದ್ದರೂ ಒಪ್ಪಿದ. ಆ ಕಂಪನಿ ಈಗ ತಾಕತ್ತಿನ ಪುಡಿಯನ್ನೂ ಮಾರುತ್ತಿತ್ತು. ಪೆಂಡಾಲು, ಹಲಗೆ ಬಾರಿಸುವವರು, ಚೀಲ ಎತ್ತುವ ಪಂದ್ಯ. ಗಂಡಸರು ನುಗ್ಗಿ ಬಂದರು. ಮಧ್ಯಾಹ್ನಕ್ಕೇ ಹನೀಫನ ಸರಕಾರಿ ಚೀಟಿಗಳು ಖಾಲಿ. ಕಂಪನಿಯ ಸುಜಯೀಂದ್ರ ತಮ್ಮ ಬಣ್ಣದ ಹಾಳೆಗಳ ಕಟ್ಟನ್ನು ಮುಂದಿಟ್ಟು, "ಇದರಾಗ ಬರೀರಿ, ಆದ್ರ ತಂಬಾಕಿನ ಭಾಷಣ ಬ್ಯಾಡ್ರಿ. ಮಂದಿ ಎದ್ದ ಹೋಗ್ತಾರ," ಎಂದ.

ಹತ್ತೂರಿಗೆ ಹೆಸರಾದ ಪೈಲವಾನ ಸಿದ್ದಾರೂಢ ಕ್ವಿಂಟಲ್ ಜೋಳದ ಚೀಲವನ್ನು ಹೆಗಲಿಗೇರಿಸಿ ಇಳಿಸಿ, ಬಾಯೊಳಗಿನ ಗುಟಖಾ ಉಗುಳಿ, ಬೆವರೊರೆಸಿಕೊಳ್ಳುತ್ತ ಬಂದು ಕೂತ.

"ಮೂರು ಬೆರಳ ಒಂದರ ಮ್ಯಾಲೊಂದು ಬಾಯಾಗ ಇಡು," ಎಂದ ಹನೀಫ.

ಒಂದೂವರೆ ಬೆರಳಿಗಿಂತ ಹೆಚ್ಚು ಬಾಯಿ ತೆರೆಯಲೇ ಇಲ್ಲ. ಕೆನ್ನೆಯ ಒಳಭಾಗ ಬೆಳ್ಳಗಾಗಿ ಹಗ್ಗದಂತೆ ಬಿಗಿದಿತ್ತು.

"ರೊಟ್ಟಿ ಹ್ಯಾಂಗ ತಿಂತಿ?"

"ಖಡಕ್ ರೊಟ್ಟಿ ಬಿಟ್ಟು ವರ್ಸಾತ್ರಿ. ನನ್ನ ಹೇಣ್ತಿ ಇಂದ್ರಾಬಾಯಿ ಹಾಲಾಗ ನೆನಸಿ ಕೊಡ್ತಾಳ, ಕೂಸಿಗೆ ಕೊಟ್ಟಂಗ."

ಹನೀಫ ಪೆನ್ನು ಎಳೆದುಕೊಂಡ. ಆ ಬಣ್ಣದ ಹಾಳೆಯ ಮೇಲೆಯೇ ಅವಸರದಲ್ಲಿ ಬರೆದ: ವಿಜಯಪುರದ ದೊಡ್ಡ ಆಸ್ಪತ್ರೆ, ಬಾಯಿಯ ಚೂರು ತೆಗೆದು ಪರೀಕ್ಷೆ, ತುರ್ತು.

"ಎಂಟು ದಿನದಾಗ ಇದನ್ನ ತೋರಸು. ಕ್ಯಾನ್ಸರ್ ಐತೋ ಇಲ್ಲೋ ನೋಡಬೇಕು," ಎನ್ನುವಷ್ಟರಲ್ಲಿ ಮೈಕು ಬಹುಮಾನಕ್ಕೆ ಸಿದ್ದಾರೂಢನ ಹೆಸರು ಕೂಗಿತು. ಅವನು ಎದ್ದೇ ಬಿಟ್ಟಿದ್ದ. ಕೊನೆಯ ಮಾತು ಹಲಗೆಯ ಸದ್ದಿನಲ್ಲಿ ಮುಳುಗಿತು.

ಹದಿನೈದು ದಿನ ಬಿಟ್ಟು ಹನೀಫ ಅವನ ಮನೆಗೆ ಹೋದ.

"ಚೀಟಿ ತೋರಿಸಿದ್ಯೋ?"

"ತೋರಿಸಿದ್ನಿ. ಅಂಗಡ್ಯಾಗ." ಸಿದ್ದಾರೂಢ ಹೆಮ್ಮೆಯಿಂದ ಪುಡಿಯ ಡಬ್ಬಿ ತಂದಿಟ್ಟ. 'ಈ ಚೀಟಿ ತಂದವರಿಗೆ ಒಂದು ಡಬ್ಬಿ ಪುಕ್ಕಟೆ' ಎಂದು ಹಾಳೆಯ ಕೆಳಗೆ ಅಚ್ಚಾಗಿತ್ತಂತೆ.

"ನಾ ಬರದದ್ದು ಓದಲಿಲ್ಲೇನೋ?"

"ನಿಮ್ಮ ಅಕ್ಷರ ದೇವರ ಓದಬೇಕ್ರಿ! ಅಚ್ಚಿನದ್ದು ಓದಿದ್ನಿ. ಇದ ಔಷಧ ಅನಕೊಂಡು ದಿನಾ ಎರಡ ಚಮಚಾ ಹಾಲಾಗ ಕಲಸಿ ಕುಡ್ಯಾಕತ್ತೇನಿ."

ಒಲೆಯ ಮುಂದಿನಿಂದ ಇಂದ್ರಾಬಾಯಿ ತಿರುಗಿ ನೋಡಿದಳು. "ಅಣ್ಣಾರ, ಗುಟಖಾ ಮಾರಾವ್ರ ಪೆಂಡಾಲಿನಾಗ ನೀವ್ಯಾಕ ಹೋಗಿ ಕುಂತ್ರಿ?"

ಗಂಡಸರು ಬರುತ್ತಾರೆಂದು ಕೂತೆ ಎನ್ನಬೇಕೆಂದಿದ್ದ. ಅವರು ಬಂದಿದ್ದರು, ನಿಜ. ಆದರೆ ಯಾರ ಬಳಿಗೆ?

"ನಾಳೆ ಮೊದಲ ಬಸ್ಸಿಗೆ ವಿಜಯಪುರದ ದವಾಖಾನಿಗೆ ನಾನ ಕರಕೊಂಡ ಹೋಗ್ತೇನಿ," ಎಂದ.

"ನಾಳೆ ಆಗೂದಿಲ್ರಿ. ಇಂಡಿ ಊರಾಗ ಕಂಪನಿ ಮೇಳ ಐತಿ. ಬ್ಯಾನರಿನ್ಯಾಗ ನನ್ನ ಫೋಟೋ ಹಾಕ್ಯಾರ, ಜೀಪ ಕಳಸ್ತಾರ."

"ಫೋಟೋ ಸುಡ್ಲಿ!" ಹನೀಫ ಚೀರಿದ. ಸಿದ್ದಾರೂಢ ನೊಂದವನಂತೆ ಡಬ್ಬಿಯ ಮುಚ್ಚಳ ಬಿಗಿಮಾಡಿದ.

ಮರುದಿನ ಬೆಳಗ್ಗೆ ಹನೀಫ ಬಂದಾಗ ಜೀಪು ಹೊರಟೇಬಿಟ್ಟಿತ್ತು. ಬೈಯುತ್ತ ಬೈಕನ್ನು ಅದರ ಬೆನ್ನು ಹತ್ತಿಸಿದ. ಇಂಡಿ ಊರಿನ ದಾರಿಯುದ್ದಕ್ಕೂ ಅದು ಎಬ್ಬಿಸಿದ ಧೂಳು ನುಂಗಿದ. ಹಿಂದಿನ ಸೀಟಿನಿಂದ ಪೈಲವಾನ ಕೈಬೀಸುತ್ತಲೇ ಇದ್ದ:

"ಸಾವಕಾಶ ಬರ್ರಿ ಸಾಹೇಬ್ರ! ಮೇಳದಾಗ ನಿಮ್ಮ ಟೇಬಲ್ಲೂ ಹಾಕಸ್ತೇನಿ!"